ತೆರೇಸಮ್ಮನವರ ಮನೆಯಲ್ಲೂ ಕಣ್ಣೀರಿತ್ತು

(ಬಾಲಯೇಸುವಿನ ಸಂತ ತೆರೇಸಮ್ಮನವರ ಹಬ್ಬದ ಆಡಂಬರ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ. ವಾಚನಗಳು: ಯೆಶಾಯ 66:10-14, ಮತ್ತಾಯ 18:1-4)



ಒಂಬತ್ತು ದಿನಗಳ ನೊವೆನಾ ಮುಗಿಸಿ, ತೇರಿಗೆ ಹೂ ಕಟ್ಟಿ, ಇಂದು ನಮ್ಮ ಪಾಲಕ ಸಂತರಾದ ತೆರೇಸಮ್ಮನವರ ಹಬ್ಬಕ್ಕೆ ನಾವೆಲ್ಲ ಸೇರಿದ್ದೇವೆ. ಬೆಂಗಳೂರಿನಿಂದ, ಮೈಸೂರಿನಿಂದ ರಾತ್ರಿ ಬಸ್ಸು ಹಿಡಿದು ಬಂದ ನಮ್ಮ ಹುಡುಗ ಹುಡುಗಿಯರು ಎಲ್ಲ ಕಡೆ ಕಾಣುತ್ತಿದ್ದಾರೆ. ದೀಪದ ಸರ ಕಟ್ಟಲು ಬೆಳಗಿನ ಜಾವದವರೆಗೆ ಎಚ್ಚರವಿದ್ದ ಇಬ್ಬರು ಹಿಂದಿನ ಬೆಂಚಿನಲ್ಲಿ ಆಗಲೇ ತೂಕಡಿಸುತ್ತಿದ್ದಾರೆ. ಯಾರೂ ಅವರನ್ನು ಎಬ್ಬಿಸಬೇಡಿ. ಇಂದಿನ ಪ್ರಬೋಧನೆ ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಂದಿರಿಗೆ.

ಪೀಠದ ಪಕ್ಕದಲ್ಲಿರುವ ತೆರೇಸಮ್ಮನವರ ಸ್ವರೂಪವನ್ನು ಒಮ್ಮೆ ನೋಡಿ. ಕಂದು ಉಡುಪು, ಬಿಳಿಯ ಮೇಲಂಗಿ, ತೋಳಿನಲ್ಲಿ ಶಿಲುಬೆ, ಶಿಲುಬೆಯ ಸುತ್ತ ಗುಲಾಬಿ, ಮುಖದಲ್ಲಿ ಮುಗುಳ್ನಗೆ. ಇದನ್ನು ನೋಡಿದವರಿಗೆ ಏನನ್ನಿಸುತ್ತದೆ? ಅನುಕೂಲಸ್ಥರ ಮನೆಯ ಮಗಳು, ಭಕ್ತಿಯ ಕುಟುಂಬ, ಹದಿನೈದಕ್ಕೇ ಮಠ ಸೇರಿದಳು, ಇಪ್ಪತ್ತನಾಲ್ಕಕ್ಕೇ ಸ್ವರ್ಗ ಸೇರಿದಳು, ಕಷ್ಟ ಎಂದರೇನೆಂದು ಇವಳಿಗೇನು ಗೊತ್ತು ಎಂದು. ಗುರುಮಠದಲ್ಲಿ ಓದುವ ಕಾಲದಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ಗುಲಾಬಿ ಹೂವಿನ ಸಂತಳು ಎಂದು ಸ್ವಲ್ಪ ಹಗುರವಾಗಿಯೇ ನೋಡುತ್ತಿದ್ದೆ ಎಂದು ಅವರ ಮುಂದೆಯೇ ನಿಂತು ಒಪ್ಪಿಕೊಳ್ಳುತ್ತೇನೆ.

ನಿಜ ಬೇರೆಯೇ ಇದೆ. 1873ರ ಜನವರಿ 2ರಂದು ಫ್ರಾನ್ಸ್ ದೇಶದ ಅಲಾಂಸೋನ್ ಪಟ್ಟಣದಲ್ಲಿ ಹುಟ್ಟಿದ ಈ ಮಗುವಿಗೆ ನಾಲ್ಕೂವರೆ ವರ್ಷವಾಗಿದ್ದಾಗ ತಾಯಿ ಝೆಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಅಲ್ಲಿಯವರೆಗೆ ಮನೆ ತುಂಬ ನಗುತ್ತಿದ್ದ ಹುಡುಗಿ ಮಾತೆತ್ತಿದರೆ ಅಳುವವಳಾದಳು. ಅಕ್ಕ ಪೌಲಿನಳನ್ನೇ ಎರಡನೆಯ ತಾಯಿ ಎಂದು ಹಿಡಿದುಕೊಂಡಳು. 1882ರಲ್ಲಿ ಆ ಅಕ್ಕನೂ ಕಾರ್ಮೆಲ್ ಮಠ ಸೇರಿದಳು. ಆರು ತಿಂಗಳು ಕಳೆಯುವಷ್ಟರಲ್ಲಿ ಹತ್ತು ವರ್ಷದ ತೆರೇಸ ಹಾಸಿಗೆ ಹಿಡಿದಳು. ಮೈ ನಡುಗುವುದು, ಬೆದರುವುದು, ಗೋಡೆಯ ಮೊಳೆ ಕಂಡರೂ ಕಿರುಚುವುದು. ಮನೆಯವರು ವೈದ್ಯರನ್ನು ಕರೆಸಿದರು, ಪೂಜೆ ಒಪ್ಪಿಸಿದರು, ಅಕ್ಕಂದಿರು ಪಕ್ಕ ಬಿಡಲಿಲ್ಲ. 1883ರ ಮೇ 13, ಪವಿತ್ರಾತ್ಮರ ಹಬ್ಬದ ದಿನ, ಕೋಣೆಯಲ್ಲಿದ್ದ ಮಾತೆ ಮರಿಯಮ್ಮನವರ ಸ್ವರೂಪ ತನ್ನನ್ನು ನೋಡಿ ನಕ್ಕಿತೆಂದು ಮಗು ಹೇಳಿತು, ಗುಣವಾಯಿತು. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಎರಡು ವರ್ಷದ ನಂತರ ಮತ್ತೊಂದು ಕಾಟ ಶುರುವಾಯಿತು. ಕೂತರೆ ಪಾಪ, ನಿಂತರೆ ಪಾಪ ಎಂಬ ಭಯ. ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೇ ನರಳಿದಳು.

ಇನ್ನು ಅವರ ತಂದೆ ಲೂಯಿ ಮಾರ್ಟಿನ್ ಅವರ ಸಂಗತಿ. ತೆರೇಸ ಮಠ ಸೇರಿದ್ದು 1888ರ ಏಪ್ರಿಲಿನಲ್ಲಿ. ಅದೇ ಜೂನ್ ತಿಂಗಳಲ್ಲಿ ಈ ತಂದೆ ಯಾರಿಗೂ ಹೇಳದೆ ಮನೆ ಬಿಟ್ಟು ಹೋದರು. ಮನೆಯವರು ದಿನಗಟ್ಟಲೆ ಹುಡುಕಿದ ಮೇಲೆ ದೂರದ ಬಂದರು ಪಟ್ಟಣವೊಂದರಲ್ಲಿ ಸಿಕ್ಕಿದರು. ನೆನಪು ಹೋಗುತ್ತಿತ್ತು, ಇಲ್ಲದ್ದು ಕಾಣುತ್ತಿತ್ತು. 1889ರ ಫೆಬ್ರವರಿಯಲ್ಲಿ ಅವರನ್ನು ಕಾನ್ ನಗರದ ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಿದರು. ಮೂರು ವರ್ಷಕ್ಕೂ ಹೆಚ್ಚು ಕಾಲ ಅವರು ಅಲ್ಲಿದ್ದರು. ಪ್ರಿಯರೇ, 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸ್‌ರವರು ಝೆಲಿಯವರ ಜೊತೆಗೆ ಸಂತ ಪದವಿಗೆ ಏರಿಸಿದ್ದು ಇದೇ ಲೂಯಿ ಮಾರ್ಟಿನ್‌ರನ್ನು. ನಮ್ಮ ಧರ್ಮಸಭೆಯ ಸಂತರ ಪಟ್ಟಿಯಲ್ಲಿ ಹುಚ್ಚಾಸ್ಪತ್ರೆಯಲ್ಲಿ ಮೂರು ವರ್ಷ ಕಳೆದ ಒಬ್ಬ ಅಪ್ಪ ಇದ್ದಾರೆ. ‘ಹುಚ್ಚಾಸ್ಪತ್ರೆ’ ಎಂಬ ಮಾತನ್ನು ನಾನು ಬೇಕೆಂದೇ ಆಡಿದೆ. ಆಗ ಲಿಸ್ಯೂ ಪಟ್ಟಣದ ಜನ ಆಡಿದ್ದೂ ಅದನ್ನೇ. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಮಠಕ್ಕೆ ಹೋದರು, ಅದರಲ್ಲೂ ಈ ಕಿರಿಯವಳು ಹೋದಳಲ್ಲ, ಅದಕ್ಕೇ ಮುದುಕನ ತಲೆ ಕೆಟ್ಟಿತು ಎಂದರು. ಹದಿನಾರು ವರ್ಷದ ತೆರೇಸ ಮಠದ ಗೋಡೆಯೊಳಗೆ ಕುಳಿತು ಈ ಮಾತನ್ನು ಕೇಳಬೇಕಾಯಿತು. ತಂದೆಯನ್ನು ನೋಡಲು ಹೋಗುವಂತೆಯೂ ಇರಲಿಲ್ಲ. ಆದರೆ ಅಕ್ಕಂದಿರಾದ ಲಿಯೊನಿ ಮತ್ತು ಸೆಲಿನ್ ನಾಚಿಕೊಂಡು ಮನೆಯೊಳಗೆ ಕೂರಲಿಲ್ಲ. ತಿಂಗಳುಗಟ್ಟಲೆ ಆ ಆಸ್ಪತ್ರೆ ಇದ್ದ ಊರಿನಲ್ಲೇ ಬಾಡಿಗೆಗೆ ಇದ್ದು ಅಪ್ಪನನ್ನು ನೋಡಿಕೊಂಡರು.

ಈ ಮನೆಯ ಕಥೆಯನ್ನು ಇಷ್ಟುದ್ದ ಹೇಳಿದ್ದಕ್ಕೆ ಕಾರಣವಿದೆ. ನಮ್ಮ ಊರಿನಲ್ಲೂ ಇಂಥ ಮನೆಗಳಿವೆ. ಸಕ್ಕರೆ ಕಾಯಿಲೆ ಬಂದರೆ ಬೀದಿಯಲ್ಲಿ ನಿಂತು ಹೇಳಿಕೊಳ್ಳುತ್ತೇವೆ, ಮಾತ್ರೆಯ ಹೆಸರೂ ಹೇಳುತ್ತೇವೆ. ಮಗನಿಗೆ ಮನಸ್ಸಿನ ಕಾಯಿಲೆ ಬಂದರೆ ಬಾಗಿಲು ಹಾಕಿಕೊಳ್ಳುತ್ತೇವೆ. ಮಗಳ ಮದುವೆಗೆ ತೊಂದರೆಯಾಗುತ್ತದೆ ಎನ್ನುತ್ತೇವೆ, ಯಾರೋ ಮಾಡಿಸಿದ್ದಾರೆ ಎನ್ನುತ್ತೇವೆ. 2015-16ರಲ್ಲಿ ನಿಮ್ಹಾನ್ಸ್ ಸಂಸ್ಥೆ ದೇಶದ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡಾ 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುವುದು ಕಂಡುಬಂತು. ನೂರು ಮಕ್ಕಳ ಧರ್ಮೋಪದೇಶ ತರಗತಿ ಎಂದುಕೊಳ್ಳಿ, ಏಳು ಮಕ್ಕಳು. ಸರ್ಕಾರದ ಅಪರಾಧ ದಾಖಲೆಗಳ ಪ್ರಕಾರ 2022ನೇ ಇಸವಿಯೊಂದರಲ್ಲೇ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಪ್ರಾಣ ತಾವೇ ಕಳೆದುಕೊಂಡರು. ಅಂಕಿಸಂಖ್ಯೆ ಇಷ್ಟು ಸಾಕು. ನನಗೆ ಗೊತ್ತಿರುವ ಒಬ್ಬನ ವಿಷಯ ಹೇಳುತ್ತೇನೆ.

ಹಲವು ವರ್ಷಗಳ ಹಿಂದಿನ ಮಾತು, ಆಗ ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದೆ. ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಊರು ಹೆಸರು ಯಾರೂ ಕೇಳಬೇಡಿ. ಎರಡನೇ ಪಿಯುಸಿ ಓದುತ್ತಿದ್ದ ಹುಡುಗ. ಒಂದು ಭಾನುವಾರ ಬೆಳಗಿನ ಪೂಜೆಯ ನಂತರ ಪೂಜಾವಸ್ತ್ರಗಳ ಕೋಣೆಯ ಬಾಗಿಲಲ್ಲಿ ಬಂದು ನಿಂತ. “ಫಾದರ್, ರಾತ್ರಿ ನಿದ್ದೆ ಬರ್ತಿಲ್ಲ. ಓದಿದ್ದು ಒಂದೂ ತಲೇಲಿ ನಿಲ್ತಿಲ್ಲ” ಎಂದ. ಇನ್ನೇನೋ ಹೇಳಲು ಬಾಯಿ ತೆರೆದ. ನನಗೆ ಹನ್ನೊಂದು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಎರಡನೆಯ ಪೂಜೆ ಇತ್ತು, ಜನ ಕಾಯುತ್ತಿದ್ದರು. “ಪರೀಕ್ಷೆ ಹತ್ರ ಬಂತಲ್ಲಪ್ಪ, ಎಲ್ಲರಿಗೂ ಹಾಗೇ. ದಿನಾ ಜಪಸರ ಮಾಡು, ಮರಿಯಮ್ಮ ನೋಡ್ಕೋತಾಳೆ” ಎಂದು ತಲೆಯ ಮೇಲೆ ಕೈ ಇಟ್ಟು ಆಶೀರ್ವದಿಸಿ ಬೈಕ್ ಹತ್ತಿದೆ. ದಾರಿಯುದ್ದಕ್ಕೂ ಒಳ್ಳೆಯ ಮಾತು ಹೇಳಿದೆನೆಂಬ ಸಮಾಧಾನವೇ ಇತ್ತು.

ಮೂರು ವಾರದ ನಂತರ ರಾತ್ರಿ ಫೋನ್ ಬಂತು. ಹುಡುಗ ಜಿಲ್ಲಾಸ್ಪತ್ರೆಯ ತುರ್ತು ಘಟಕದಲ್ಲಿದ್ದ. ನಾನು ಹೋದಾಗ ಅವನ ತಾಯಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮೊದಲ ಮಾತು, “ಸ್ವಾಮಿ, ಯಾರಾದ್ರೂ ಕೇಳಿದ್ರೆ ಊಟ ಕೆಟ್ಟು ಹೊಟ್ಟೆನೋವು ಬಂತು ಅಂತ ಹೇಳಿ.” ದೇವರ ದಯೆ, ಸರಿಯಾದ ಹೊತ್ತಿಗೆ ಸಿಕ್ಕಿದ ಚಿಕಿತ್ಸೆ, ಹುಡುಗ ಉಳಿದ. ನಾಲ್ಕನೆಯ ದಿನ ಅವನ ಮಂಚದ ಪಕ್ಕ ಕುಳಿತಿದ್ದೆ. ಅವನು ನನ್ನನ್ನು ದೂರಲಿಲ್ಲ. “ಅವತ್ತು ನಾನು ಇದನ್ನೇ ಹೇಳೋಕೆ ಬಂದಿದ್ದೆ ಫಾದರ್. ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ” ಎಂದ, ಅಷ್ಟೇ.

ಜಪಸರ ಹೇಳೆಂದದ್ದು ತಪ್ಪೇ? ಅಲ್ಲ. ಜಪಸರದಿಂದ ಅವನ ಬಾಯಿ ಮುಚ್ಚಿಸಿದ್ದು ತಪ್ಪು.

ಅರಸರ ಮೊದಲನೆಯ ಗ್ರಂಥದಲ್ಲಿ ಪ್ರವಾದಿ ಎಲೀಯನ ಸಂಗತಿ ಬರುತ್ತದೆ. ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಅರಣ್ಯಕ್ಕೆ ಓಡಿ, ಗಿಡದ ಕೆಳಗೆ ಕುಳಿತು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನೇ ಕೇಳುತ್ತಾನೆ. ಅಷ್ಟು ದೊಡ್ಡ ಪ್ರವಾದಿ! ದೇವದೂತ ಬಂದು ಏನು ಮಾಡಿದ? ವಿಶ್ವಾಸ ಎಲ್ಲಿ ಹೋಯಿತು ಎಂದು ಗದರಿಸಲಿಲ್ಲ. ಬಿಸಿ ರೊಟ್ಟಿ ಮತ್ತು ನೀರು ಇಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಮಲಗಲು ಬಿಟ್ಟ, ಮತ್ತೊಮ್ಮೆ ಎಬ್ಬಿಸಿ ತಿನ್ನಿಸಿದ. ದೇವರು ಪ್ರಶ್ನೆ ಕೇಳಿದ್ದು ಅದೆಲ್ಲ ಆದ ಮೇಲೆ, ದೂರದ ಬೆಟ್ಟದಲ್ಲಿ. ಕೇಳಿದ ಮೇಲೆ ಅವನ ದೂರನ್ನು ಪೂರ್ತಿ ಆಲಿಸಿದರು. ಕೊನೆಗೆ ಎಲೀಷನೆಂಬ ಜೊತೆಗಾರನನ್ನೂ ಕೊಟ್ಟರು. ನಮ್ಮ ಮನೆಗಳಲ್ಲಿ ನಾವು ಬುದ್ಧಿಮಾತಿನಿಂದ ಶುರುಮಾಡುತ್ತೇವೆ, ರೊಟ್ಟಿ ಆಮೇಲೆ.

ಹಾಗಾದರೆ ಏನು ಮಾಡಬೇಕು ಸ್ವಾಮಿ ಎಂದು ಕೇಳುತ್ತೀರಿ. ಮೊದಲು ಗಮನಿಸಿ. ಮಗ ರಾತ್ರಿಯಿಡೀ ಮಲಗುತ್ತಿಲ್ಲ, ಅಥವಾ ಹಗಲೆಲ್ಲ ಮಲಗೇ ಇದ್ದಾನೆ. ಊಟ ಬಿಟ್ಟಿದ್ದಾಳೆ, ಗೆಳತಿಯರ ಫೋನ್ ಎತ್ತುತ್ತಿಲ್ಲ. ಕ್ರಿಕೆಟ್ ಎಂದರೆ ಪ್ರಾಣ ಬಿಡುತ್ತಿದ್ದವನು ಬ್ಯಾಟನ್ನು ತಮ್ಮನಿಗೆ ಕೊಟ್ಟುಬಿಟ್ಟ. ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ ಎಂಬ ಮಾತು ನಗುತ್ತಲೇ ಬಂತು. ಎರಡು ವಾರ ಹೀಗೇ ನಡೆದರೆ ವಯಸ್ಸಿನ ಚೇಷ್ಟೆ ಎಂದು ಬಿಡಬೇಡಿ. ಆ ಕೊನೆಯ ಮಾತು ಬಂದರೆ ಎರಡು ದಿನವೂ ಕಾಯಬೇಡಿ. ಹತ್ತಿರ ಕುಳಿತು ಕೇಳಿ. ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತುಂಬಿದಂತೆ ಆಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ ಎಂದು ವೈದ್ಯರು ಹೇಳುತ್ತಾರೆ, ನನ್ನ ಅನುಭವವೂ ಅದೇ. ಕೇಳಿದವರ ಮುಂದೆ ಆ ಮಕ್ಕಳು ಅಳುತ್ತಾರೆ, ಹಗುರಾಗುತ್ತಾರೆ. ಕೇಳಿದ ಮೇಲೆ ಸುಮ್ಮನಿರಬೇಕು, ಇದೇ ಕಷ್ಟ. ನಿನ್ನ ವಯಸ್ಸಿನಲ್ಲಿ ನಾನು ಗದ್ದೆ ಉಳುತ್ತಿದ್ದೆ ಎಂಬ ಕಥೆಯನ್ನು ಆ ದಿನದ ಮಟ್ಟಿಗೆ ಬಿಡಿ.

ಆಮೇಲೆ ವೈದ್ಯರು. ಧ್ಯಾನಕೂಟಕ್ಕೆ ಕರೆದುಕೊಂಡು ಹೋಗಿ, ತಲೆಯ ಮೇಲೆ ಕೈಯಿಡಿಸಿ, ನಾನು ಬೇಡವೆನ್ನುವುದಿಲ್ಲ. ಆದರೆ ಪ್ರಾರ್ಥನೆ ಮಾಡಿಸಿದ್ದೇವೆ, ಇನ್ನು ಮಾತ್ರೆ ಬೇಡ ಎಂದು ನಿಲ್ಲಿಸಬೇಡಿ. ಖಿನ್ನತೆಯ ಮಾತ್ರೆಗಳು ತಲೆನೋವಿನ ಮಾತ್ರೆಯಂತೆ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ, ವಾರಗಳು ಬೇಕು. ಗುಣ ಕಂಡಿತೆಂದು ತಾವಾಗಿಯೇ ಬಿಟ್ಟರೆ ಕಾಯಿಲೆ ಮರುಕಳಿಸುತ್ತದೆ. ಸಂತ ತೆರೇಸಮ್ಮನವರ ಮನೆಯಲ್ಲಿ ಪೂಜೆಯೂ ನಡೆಯಿತು, ವೈದ್ಯರೂ ಬಂದರು, ಅಪ್ಪನಿಗೆ ಆಸ್ಪತ್ರೆಯೂ ಆಯಿತು. ಅದರಿಂದ ಆ ಮನೆಯ ಭಕ್ತಿಗೆ ಕುಂದು ಬರಲಿಲ್ಲ. ಬೆಂಗಳೂರಿನವರೆಗೂ ಓಡಬೇಕಾಗಿಲ್ಲ. ತಾಲ್ಲೂಕು ಜಿಲ್ಲೆಗಳಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ತೋರಿಸಿಕೊಟ್ಟದ್ದು ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಅದರಿಂದಲೇ. ಇನ್ನೊಂದು ಭಯ, ಪೊಲೀಸ್ ಕೇಸ್ ಆಗುತ್ತದೆಂಬುದು. ಈ ಭಯಕ್ಕೆ ಆಸ್ಪತ್ರೆಗೆ ಒಯ್ಯುವುದನ್ನೇ ತಡಮಾಡಿದವರನ್ನು ಕಂಡಿದ್ದೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ. 2024ರ ಜುಲೈಯಿಂದ ಬಂದ ಹೊಸ ದಂಡಸಂಹಿತೆಯಲ್ಲಿ ಹಳೆಯ 309ನೇ ಕಲಮೂ ಇಲ್ಲ. ಆಸ್ಪತ್ರೆಯವರು ಠಾಣೆಗೆ ತಿಳಿಸಿದರೆ ಹೆದರಬೇಡಿ, ನಿಮ್ಮ ಮಗು ಕಳ್ಳನಲ್ಲ.

ಒಂದು ಮಾತನ್ನು ರೈತ ಕುಟುಂಬಗಳಿಗೆಂದೇ ಹೇಳಬೇಕು. 1897ರಲ್ಲಿ ಕ್ಷಯರೋಗದಿಂದ ಸಾಯುತ್ತಿದ್ದ ನಮ್ಮ ತೆರೇಸಮ್ಮನವರು ತಮ್ಮ ಅಕ್ಕನಿಗೆ ಒಂದು ಎಚ್ಚರಿಕೆ ಕೊಟ್ಟರು. ಘೋರ ನೋವಿನಲ್ಲಿರುವ ರೋಗಿಯ ಕೈಗೆ ಸಿಗುವ ಹಾಗೆ ವಿಷದ ಔಷಧಿಗಳನ್ನು ಇಡಬೇಡಿ ಎಂದರು. ವಿಶ್ವಾಸ ಇಲ್ಲದಿದ್ದರೆ ತಾನೂ ಉಳಿಯುತ್ತಿರಲಿಲ್ಲ ಎಂಬಂತೆಯೂ ಒಪ್ಪಿಕೊಂಡರು. ಪೀಠದ ಮೇಲೆ ನಿಲ್ಲಿಸಿ ಹೂ ಹಾಕುವ ಸಂತರ ಮಾತಿದು. ನಮ್ಮ ಮನೆಗಳಲ್ಲಿ ಬೆಳೆಗೆ ಹೊಡೆಯುವ ಔಷಧಿ ಎಲ್ಲಿರುತ್ತದೆ? ಹಜಾರದ ಮೂಲೆಯಲ್ಲಿ, ಮಂಚದ ಕೆಳಗೆ, ಬಚ್ಚಲ ಕಿಟಕಿಯಲ್ಲಿ. ಸಾಯಬೇಕೆಂಬ ಆ ಗಳಿಗೆ ಬಹಳ ಸಲ ಸಣ್ಣದು. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಎಷ್ಟೋ ಮಕ್ಕಳು ಉಳಿಯುತ್ತಾರೆ. ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಬೀಗ, ಬೀಗದ ಕೈ ಹಿರಿಯರೊಬ್ಬರ ಬಳಿ. ಬೇಕಾದಷ್ಟನ್ನೇ ಕೊಂಡುತನ್ನಿ, ಉಳಿದದ್ದನ್ನು ಮನೆಯಲ್ಲಿ ಕೂಡಿಡಬೇಡಿ. ಹಬ್ಬದ ಪ್ರಬೋಧನೆಯಲ್ಲಿ ಬೀಗದ ಮಾತೇ ಎಂದು ಯಾರಾದರೂ ನಕ್ಕರೆ ನಗಲಿ.

ಇಂದಿನ ಶುಭಸಂದೇಶದಲ್ಲಿ ಶಿಷ್ಯರು ಕೇಳಿದ ಪ್ರಶ್ನೆ ನಮ್ಮ ಮನೆಗಳ ಪ್ರಶ್ನೆಯೇ. ಯಾರು ದೊಡ್ಡವರು? ಯಾರು ಫಸ್ಟ್? ಪಕ್ಕದ ಮನೆಯವನಿಗೆ ಎಷ್ಟು ಬಂತು? ಯೇಸುಸ್ವಾಮಿ ಅಳೆದು ತೂಗಿ ಉತ್ತರ ಹೇಳಲಿಲ್ಲ, ಒಂದು ಮಗುವನ್ನು ಕರೆದು ನಡುವೆ ನಿಲ್ಲಿಸಿದರು. ಫಲಿತಾಂಶದ ದಿನ ನಮ್ಮ ಮನೆಗಳಲ್ಲಿ ನಡುವೆ ನಿಲ್ಲುವುದು ಅಂಕಪಟ್ಟಿ, ಮಗು ಮೂಲೆಗೆ. ನಮ್ಮ ರಾಜ್ಯದಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ನಡೆದವು. ಸರ್ಕಾರವೇ ಒಂದಕ್ಕಿಂತ ಹೆಚ್ಚು ಅವಕಾಶ ಕೊಡುವಾಗ ತಂದೆತಾಯಿ ಒಂದೇ ಎಂದು ಹಟ ಹಿಡಿಯುವುದೇಕೆ? ಮಾರ್ಟಿನ್ ಅವರ ಮನೆಯಲ್ಲೂ ಹಿಂದೆ ಬಿದ್ದ ಮಗಳೊಬ್ಬಳಿದ್ದಳು, ಲಿಯೊನಿ. ಶಾಲೆಯವರು ಇಟ್ಟುಕೊಳ್ಳದೆ ಮನೆಗೆ ಕಳುಹಿಸಿದರು. ಕನ್ಯಾಸ್ತ್ರೀಯಾಗಲು ಮೂರು ಸಲ ಹೋಗಿ ಮೂರು ಸಲವೂ ಮನೆಗೆ ಮರಳಿದಳು. ನಾಲ್ಕನೆಯ ಸಲ, 1899ರಲ್ಲಿ, ಒಳಗೆ ಹೋದವಳು 1941ರಲ್ಲಿ ಸಾಯುವವರೆಗೆ ಅಲ್ಲೇ ಉಳಿದಳು. ಈಗ ಅವಳನ್ನೂ ಸಂತ ಪದವಿಗೆ ಏರಿಸುವ ಪ್ರಕ್ರಿಯೆ ನಡೆದಿದೆ. ತಂಗಿ ಅಷ್ಟು ದೊಡ್ಡ ಸಂತಳಾದರೂ ನನಗೆ ಈ ಅಕ್ಕನ ಮೇಲೆ ಪ್ರೀತಿ ಹೆಚ್ಚು.

ಹಾಗೆಂದು ಮಕ್ಕಳಿಗೆ ಕಷ್ಟವೇ ತಗಲದ ಹಾಗೆ ಹತ್ತಿಯಲ್ಲಿ ಸುತ್ತಿಡಬೇಕೆಂದು ನಾನು ಹೇಳುತ್ತಿಲ್ಲ. 1886ರ ಕ್ರಿಸ್ಮಸ್ ರಾತ್ರಿ ಪೂಜೆ ಮುಗಿಸಿ ಬಂದ ತಂದೆ ಲೂಯಿ ದಣಿದಿದ್ದರು. ಮಕ್ಕಳ ಷೂಗಳಲ್ಲಿ ಉಡುಗೊರೆ ಇಡುವ ಈ ಆಟ ಇದೇ ಕೊನೆಯ ವರ್ಷವಾದರೆ ಸಾಕು ಎಂದು ಬೇಸರದಲ್ಲಿ ಅಂದರು. ಮೆಟ್ಟಿಲ ಮೇಲಿದ್ದ ತೆರೇಸ ಕೇಳಿಸಿಕೊಂಡಳು. ಅವಳಿಗೆ ಹದಿನಾಲ್ಕು ತುಂಬುತ್ತಿತ್ತು. ಈಗ ಕೆಳಗೆ ಹೋಗಬೇಡ, ಅಳುತ್ತೀಯ ಎಂದಳು ಅಕ್ಕ ಸೆಲಿನ್. ತೆರೇಸ ಕಣ್ಣೊರೆಸಿಕೊಂಡು ಕೆಳಗಿಳಿದು, ನಗುನಗುತ್ತಾ ಉಡುಗೊರೆ ಬಿಚ್ಚಿ ಅಪ್ಪನನ್ನೂ ನಗಿಸಿದಳು. ತಾಯಿ ಸತ್ತಾಗ ಕಳೆದುಕೊಂಡ ಮನೋಬಲ ಅಂದು ಮರಳಿತೆಂದು ಮುಂದೆ ತಾನೇ ಬರೆದಳು. ಇದನ್ನು ಕೇಳಿ, ನೋಡಿ ಮಗಳೇ, ತೆರೇಸಮ್ಮ ಅಳು ನುಂಗಿದಳು, ನೀನೂ ನುಂಗು ಎಂದು ಯಾರೂ ಮನೆಯಲ್ಲಿ ಪಾಠ ಮಾಡಬೇಡಿ! ಆ ಮೆಟ್ಟಿಲು ಇಳಿಯುವ ಶಕ್ತಿಯ ಹಿಂದೆ ಒಂಬತ್ತು ವರ್ಷ ಅವಳ ಅಳುವನ್ನು ಸಹಿಸಿದ ಮನೆಯೊಂದಿತ್ತು. ನಮ್ಮ ಮಕ್ಕಳೂ ಇಳಿಯಲಿ. ಮನೆಯ ಸಾಲ ಎಷ್ಟೆಂದು ಪಿಯುಸಿ ಓದುವ ಮಗನಿಗೆ ತಿಳಿಸಿ, ಬ್ಯಾಂಕಿಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ. ಬೆಂಗಳೂರಿನಲ್ಲಿ ಕೆಲಸ ಬಿಟ್ಟು ಬಂದ ಮಗಳು ನಾಲ್ಕು ತಿಂಗಳು ಮನೆಯಲ್ಲಿದ್ದರೆ ಊರಿಗೇನು ಹೇಳುವುದೆಂದು ಕೊರಗಬೇಡಿ. ರೇಷ್ಮೆ ಮನೆಯಲ್ಲಿ ಅವಳಿಗೂ ಒಂದು ಕೆಲಸ ಕೊಡಿ, ಬಂದ ಹಣದಲ್ಲಿ ಪಾಲು ಕೊಡಿ. ತೇರಿನ ಲೆಕ್ಕಪತ್ರವನ್ನು ಈ ವರ್ಷ ಯುವಕರೇ ನೋಡಿಕೊಂಡರು. ಇನ್ನೂರ ನಲವತ್ತು ರೂಪಾಯಿ ವ್ಯತ್ಯಾಸ ಬಂತು, ಎರಡು ಸಂಜೆ ಕುಳಿತು ಅವರೇ ಹುಡುಕಿದರು.

ಆಸ್ಪತ್ರೆಯ ಆ ಹುಡುಗ ಆ ವರ್ಷ ಪರೀಕ್ಷೆಗೆ ಕೂರಲಿಲ್ಲ. ಒಂದೂವರೆ ವರ್ಷ ಮಾತ್ರೆ ತೆಗೆದುಕೊಂಡ, ತಿಂಗಳಿಗೊಮ್ಮೆ ತಾಯಿಯ ಜೊತೆ ವೈದ್ಯರ ಬಳಿಗೆ ಹೋದ. ಆಮೇಲೆ ಐಟಿಐ ಸೇರಿದ. ಈಗ ಎಲೆಕ್ಟ್ರಿಷಿಯನ್. ಬಸ್ಸಿನಲ್ಲಿ ಇನ್ನೊಬ್ಬ ತಾಯಿ ಮಗನ ಕಷ್ಟ ಹೇಳಿಕೊಂಡು ಅತ್ತಾಗ ಅವನ ತಾಯಿಯೇ ಆ ವೈದ್ಯರ ಚೀಟಿ ತೆಗೆದು ತೋರಿಸಿದರಂತೆ.

ಈ ತಿಂಗಳ 10ನೇ ತಾರೀಖು ವಿಶ್ವ ಮಾನಸಿಕ ಆರೋಗ್ಯ ದಿನ. 2022ರ ಅದೇ ದಿನ ಕೇಂದ್ರ ಸರ್ಕಾರ ‘ಟೆಲಿ ಮಾನಸ್’ ಎಂಬ ಸಹಾಯವಾಣಿ ಆರಂಭಿಸಿತು. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಕರೆದರೂ ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಆ ಸಂಖ್ಯೆಯನ್ನು ದೇವಾಲಯದ ಸೂಚನಾ ಫಲಕದಲ್ಲಿ ಬಣ್ಣದಲ್ಲಿ ಬರೆಸಿದ್ದೇವೆ, ಹೊರಗೆ ಹೋಗುವಾಗ ಫೋನಿಗೆ ಹಾಕಿಕೊಳ್ಳಿ. ನನ್ನ ಬಳಿ ಬಂದರೆ ಈಗ ನಾನು ಬೈಕಿನ ಕೀಲಿ ಮೇಜಿನ ಮೇಲಿಟ್ಟು ಕೂರುತ್ತೇನೆ. ಎರಡನೆಯ ಪೂಜೆ ಹತ್ತು ನಿಮಿಷ ತಡವಾದರೆ ಆ ಊರಿನವರು ಕ್ಷಮಿಸಬೇಕು.

ಇನ್ನೊಂದು ವಿಷಯ ಉಳಿದಿದೆ, ಇದನ್ನು ಹೇಳಲು ಧೈರ್ಯ ಬೇಕಾಯಿತು. ಇಲ್ಲಿರುವ ಕೆಲವು ಮನೆಗಳು ಮಗನನ್ನೋ ಮಗಳನ್ನೋ ಹೀಗೆ ಕಳೆದುಕೊಂಡಿವೆ. ಹಿಂದೆ, 1917ರ ಧರ್ಮಸಭೆಯ ಕಾನೂನಿನಲ್ಲಿ, ಅಂಥವರಿಗೆ ಧಾರ್ಮಿಕ ಅಂತ್ಯಕ್ರಿಯೆಯನ್ನು ನಿರಾಕರಿಸುವ ನಿಯಮವಿತ್ತು. 1983ರ ಕಾನೂನು ಸಂಹಿತೆಯಲ್ಲಿ ಅದು ಇಲ್ಲ. ಪ್ರಾಣ ದೇವರ ಕೊಡುಗೆ, ಅದನ್ನು ತೆಗೆಯುವ ಹಕ್ಕು ನಮಗಿಲ್ಲ ಎಂಬ ಬೋಧನೆ ಬದಲಾಗಿಲ್ಲ. ಆದರೆ ತೀವ್ರ ಮಾನಸಿಕ ಬಾಧೆ ಮನುಷ್ಯನ ಹೊಣೆಯನ್ನು ಕಡಿಮೆ ಮಾಡುತ್ತದೆ, ಅವರ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದು, ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ ಎಂದು ನಮ್ಮ ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿ ಬೋಧಿಸುತ್ತದೆ. ತಾಯಿ ಮಗುವನ್ನು ಸಂತೈಸುವಂತೆ ದೇವರು ಸಂತೈಸುತ್ತಾರೆಂದು ಇಂದು ಯೆಶಾಯನ ವಾಚನದಲ್ಲಿ ಕೇಳಿದೆವಲ್ಲ, ಅದು ಈ ಮಕ್ಕಳಿಗೂ, ಅವರ ತಾಯಂದಿರಿಗೂ.

ನವೆಂಬರ್ 2 ಸಕಲ ಮೃತರ ದಿನ. ಪೂಜೆಯಲ್ಲಿ ಓದಲು ಪ್ರತಿ ವರ್ಷ ಹೆಸರುಗಳನ್ನು ಬರೆದುಕೊಡುತ್ತೀರಿ. ಕೆಲವು ಹೆಸರುಗಳು ಮಾತ್ರ ಎಂದೂ ಬಂದಿಲ್ಲ. ಅಜ್ಜನ ಹೆಸರು ಬರುತ್ತದೆ, ಅತ್ತೆಯ ಹೆಸರು ಬರುತ್ತದೆ, ಆ ಹುಡುಗನ ಹೆಸರಿನ ಜಾಗ ಖಾಲಿ. ಈ ಸಲ ಬರೆದುಕೊಡಿ. ಹೇಗೆ ಸತ್ತ ಎಂದು ಬರೆಯಬೇಕಾಗಿಲ್ಲ, ಹೆಸರು ಮತ್ತು ತಂದೆಯ ಹೆಸರು ಸಾಕು. ನಾಳೆಯಿಂದ ಪುಸ್ತಕ ನನ್ನ ಕಚೇರಿಯ ಮೇಜಿನ ಮೇಲಿರುತ್ತದೆ, ಬಾಗಿಲು ತೆರೆದಿರುತ್ತದೆ.

ಎಲ್ಲರೂ ಎದ್ದು ನಿಂತು ವಿಶ್ವಾಸಪ್ರಮಾಣವನ್ನು ಹೇಳೋಣ.